ನಮ್ಮ ಹಳೆಯ ಜಿಲ್ಲೆಯ ದ್ವೀಪಗಳೂ ಕೇದರ ಮೀನೂ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳೂ ಬೇರೆಯಾದವು ಎಂದರೆ ಕಣ್ಣರಳಿಸುತ್ತಾರೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಇವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ದ್ವೀಪದವರು ತೆಂಗಿನ ನಾರಿನ ಹುರಿ ತಂದುಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ತೀರಾ ದಕ್ಷಿಣದ ಮಿನಿಕಾಯ್ ಮಲಬಾರ್ ಜಿಲ್ಲೆಗೆ ಸೇರಿತ್ತು. ಕೇದರ, ಅಂದರೆ ನಮ್ಮೂರ ಮಲಯಾಳದ ಚೂರ, ಹಿಡಿಯುವ ಹಳೆಯ ವಿದ್ಯೆ ಇದ್ದದ್ದು ಅಲ್ಲಿ.

ಮಿನಿಕಾಯಿಯವರು ಮೊದಲು ದ್ವೀಪದೊಳಗಿನ ಶಾಂತ ನೀರಿನಲ್ಲಿ ಸಣ್ಣ ಮೀನು ಹಿಡಿದು, ದೋಣಿಯ ನೀರುಗುಂಡಿಯಲ್ಲಿ ಜೀವಂತ ಇಡುತ್ತಾರೆ. ಗುಂಡಿಯ ತಳದ ತೂತುಗಳಿಂದ ಸಮುದ್ರದ ನೀರು ಬಂದು ಹೋಗುತ್ತದೆ. ಹೊರಸಮುದ್ರದಲ್ಲಿ ಕೇದರದ ಹಿಂಡು ಕಂಡಾಗ ಈ ಎರೆಮೀನನ್ನು ಎರಚಿ, ಕೋಲಿಗೆ ಕಟ್ಟಿದ, ಮುಳ್ಳಿಲ್ಲದ ಗಾಳ ಬಿಡುತ್ತಾರೆ. ಎತ್ತಿ ಬೀಸಿದರೆ ಮೀನು ತಾನಾಗಿ ಕಳಚಿ ದೋಣಿಗೆ ಬೀಳುತ್ತದೆ. ಒಂದು ಗಾಳಕ್ಕೆ ಒಂದೇ ಮೀನು. ಆಮೆ, ಡಾಲ್ಫಿನ್‌ಗಳು ಸಿಕ್ಕಿಬೀಳುವ ಭಯವಿಲ್ಲ. ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಅದೇ ‘ಮಾಸ್’. 1960ರ ದಶಕದಲ್ಲಿ ಯಂತ್ರದ ದೋಣಿಗಳೊಂದಿಗೆ ಈ ವಿದ್ಯೆ ಅಗತ್ತಿ ಮುಂತಾದ ದ್ವೀಪಗಳಿಗೂ ಹಬ್ಬಿತು.

ಆದರೆ ಕೇದರಕ್ಕೆ ಗಡಿಯಿಲ್ಲ. 1980ರ ದಶಕದಲ್ಲಿ ಫ್ರಾನ್ಸ್, ಸ್ಪೇನ್ ದೇಶಗಳ ಹಡಗುಗಳು ದೊಡ್ಡ ಸುತ್ತುಬಲೆಗಳೊಂದಿಗೆ ಹಿಂದೂ ಮಹಾಸಾಗರಕ್ಕೆ ಬಂದವು. 1996ರಲ್ಲಿ ಜಾರಿಗೆ ಬಂದ ಹಿಂದೂ ಮಹಾಸಾಗರ ಟ್ಯೂನಾ ಆಯೋಗದಲ್ಲಿ ಭಾರತವೂ ಸದಸ್ಯ. ಮಾಸ್ ಮಾಡುವ ಸ್ಕಿಪ್‌ಜಾಕ್ ಜಾತಿಯ ಕೇದರಕ್ಕೆ ಈ ಆಯೋಗ 2016ರಲ್ಲಿ ಒಂದು ಸೂತ್ರ ಒಪ್ಪಿತು. ಅದನ್ನು ಮುಂದಿಟ್ಟದ್ದು ಗಾಳದಿಂದಲೇ ಬದುಕುವ ಮಾಲ್ದೀವ್ಸ್. ಹಿಡಿಯದೇ ಬಿಟ್ಟಿದ್ದರೆ ಎಷ್ಟು ಮೀನು ಇರುತ್ತಿತ್ತೋ ಅದರ ಶೇ. 40ಕ್ಕಿಂತ ಸಂಖ್ಯೆ ಕುಸಿದರೆ ಬೇಟೆ ಇಳಿಸಬೇಕು, ಶೇ. 10ಕ್ಕೆ ಬಂದರೆ ವ್ಯಾಪಾರಿ ಬೇಟೆಯನ್ನೇ ನಿಲ್ಲಿಸಬೇಕು. ನಮ್ಮ ಗಣಿತದ ತರಗತಿಗೂ ಒಗ್ಗುವ ಸೂತ್ರ! ಅದರಂತೆ 2018ರಿಂದ 2020ರವರೆಗೆ ವರ್ಷಕ್ಕೆ 4,70,029 ಟನ್ ಮಿತಿ ಬಂತು. 2018ರಲ್ಲೇ ಹಿಡಿದದ್ದು 6 ಲಕ್ಷ ಟನ್ ದಾಟಿತು. ವಿಜ್ಞಾನಿಗಳು ಒಟ್ಟು ಲೆಕ್ಕ ಕೊಟ್ಟಿದ್ದರು, ಯಾವ ದೇಶಕ್ಕೆ ಎಷ್ಟು ಪಾಲು ಎಂದು ದೇಶಗಳು ಹಂಚಿಕೊಂಡಿರಲಿಲ್ಲ.

ಈ ಲೆಕ್ಕ ಸರಿಹೋದರೂ ಲಕ್ಷದ್ವೀಪದವರಿಗೆ ಇನ್ನೊಂದು ಚಿಂತೆ ಇದೆ. ಎರೆಮೀನುಗಳಲ್ಲಿ ಹಲವಕ್ಕೆ ಹವಳವೇ ಮನೆ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಹವಳ ಬಿಳಚಿ ಸತ್ತಿತು. ಎರೆಮೀನು ಸಿಗದ ದಿನ, ಹೊರಗೆ ಎಷ್ಟೇ ಕೇದರ ಇದ್ದರೂ ಗಾಳದ ದೋಣಿ ದಡದಲ್ಲೇ ಉಳಿಯುತ್ತದೆ.