ಎಡ್ವರ್ಡ್ ಕ್ರೀಯ ನೌಕಾಯುದ್ಧದ ಜಲವರ್ಣ ಚಿತ್ರಗಳು

ಎಡ್ವರ್ಡ್ ಹಾಡ್ಜಸ್ ಕ್ರೀ (1814–1901) ಬ್ರಿಟನ್ನಿನ ನೌಕಾಪಡೆಯಲ್ಲಿ ವೈದ್ಯಾಧಿಕಾರಿಯಾಗಿದ್ದವನು. 1837ರಲ್ಲಿ ಪಡೆ ಸೇರಿದಾಗಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸಚಿತ್ರ ದಿನಚರಿ ಬರೆದ. ಅದರ ಸಂಪುಟಗಳು ಇಂದು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ.

ಆ ಕಾಲದ ನೌಕಾಧಿಕಾರಿಗೆ ಚಿತ್ರಕಲೆ ಬರೀ ಹವ್ಯಾಸವಾಗಿರಲಿಲ್ಲ. ಕರಾವಳಿಯ ಗುಡ್ಡ, ಕೋಟೆ, ಬಂದರಿನ ಬಾಯಿ ಇವನ್ನು ಹಡಗಿನಿಂದ ಕಂಡಂತೆ ಬರೆದಿಡುವುದು ನಕ್ಷೆ ತಯಾರಿಕೆಯ ಒಂದು ಭಾಗವೇ ಆಗಿತ್ತು. ಆದರೆ ವೈದ್ಯನಿಂದ ಅದನ್ನು ಯಾರೂ ಬಯಸುತ್ತಿರಲಿಲ್ಲ. ಕ್ರೀ ಬರೆದದ್ದು ತನಗಾಗಿ. ಅವನ ಚಿತ್ರಗಳ ಬೆಲೆ ಇರುವುದೂ ಅಲ್ಲಿಯೇ. ಬ್ರಿಟನ್ನಿಗೂ ಚೀನಾಕ್ಕೂ ನಡೆದ ಮೊದಲನೆಯ ಅಫೀಮು ಯುದ್ಧದ ಅತಿ ಪ್ರಸಿದ್ಧ ಚಿತ್ರ, ಬ್ರಿಟಿಷರ ‘ನೆಮಿಸಿಸ್’ ಹಡಗು ಚೀನೀ ನಾವೆಗಳನ್ನು ನಾಶಮಾಡುವ 1843ರ ಮುದ್ರಿತ ಚಿತ್ರ, ಎಡ್ವರ್ಡ್ ಡಂಕನ್ ಇಂಗ್ಲೆಂಡಿನಲ್ಲಿ ಕುಳಿತು ರಚಿಸಿದ್ದು. ಕ್ರೀ ಯುದ್ಧದ ಜಾಗದಲ್ಲೇ ಇದ್ದ.

ಪ್ರವಾಸಿ ಚಿತ್ರಕಾರರಿಗೆ ಆಗ ಒಂದು ಅನುಕೂಲ ಒದಗಿತ್ತು. 1835ರ ಸುಮಾರಿಗೆ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆ ಗ್ಲಿಸರಿನ್ ಬೆರೆಸಿದ ಮೆತ್ತನೆಯ ಬಣ್ಣದ ಬಿಲ್ಲೆಗಳನ್ನು ತಂದಿತು. ಗಟ್ಟಿ ಬಿಲ್ಲೆಯನ್ನು ತೇಯುವ ಕೆಲಸ ತಪ್ಪಿತು, ಒದ್ದೆ ಕುಂಚ ಸೋಕಿಸಿದರೆ ಸಾಕು. ನೌಕಾಯುದ್ಧಕ್ಕೆ ಜಲವರ್ಣ ಬಹಳ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಬಿಳಿಯನ್ನು ಹಚ್ಚುವುದಕ್ಕಿಂತ ಉಳಿಸಿಕೊಳ್ಳುವುದೇ ಮುಖ್ಯ. ತೋಪಿನ ಹೊಗೆಯೆಂದರೆ ಕುಂಚ ಮುಟ್ಟದೆ ಬಿಟ್ಟ ಕಾಗದ. ಅದರ ಅಂಚಿನಲ್ಲಿ ತೆಳುವಾದ ಬೂದು ಬಣ್ಣ ಹರಿಸಿದರೆ ಹೊಗೆ ಉಬ್ಬಿ ನಿಲ್ಲುತ್ತದೆ. ಕೈ ತಪ್ಪಿ ಬಣ್ಣ ಬಿದ್ದರೆ ಆ ಬಿಳುಪು ಪೂರ್ತಿಯಾಗಿ ಮರಳುವುದಿಲ್ಲ.

1840ರಲ್ಲಿ ಕ್ರೀ ‘ರ‍್ಯಾಟಲ್‌ಸ್ನೇಕ್’ ಎಂಬ ಸೈನಿಕ ಸಾಗಣೆ ಹಡಗಿನಲ್ಲಿ ಚೀನಾಕ್ಕೆ ಬಂದ. ಆ ವರ್ಷದ ಜುಲೈ 5ರಂದು ಚೂಸಾನ್ ದ್ವೀಪದ ತಿಂಗ್‌ಹಾಯ್ ಬಂದರಿನ ಮೇಲೆ ಬ್ರಿಟಿಷ್ ಹಡಗುಗಳು ಒಂಬತ್ತು ನಿಮಿಷ ಗುಂಡು ಹಾರಿಸಿದವು. ಕದನ ಅಷ್ಟಕ್ಕೇ ಮುಗಿಯಿತು. ಆದರೆ ವರ್ಷ ಕಳೆಯುವುದರೊಳಗೆ ಜ್ವರ ಮತ್ತು ರಕ್ತಭೇದಿ ಆ ದ್ವೀಪದಲ್ಲಿ ನಾನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರನ್ನು ಬಲಿ ತೆಗೆದುಕೊಂಡವು. ವೈದ್ಯನಿಗೆ ಯುದ್ಧವೆಂದರೆ ಮುಖ್ಯವಾಗಿ ಈ ಎರಡನೆಯ ಭಾಗ. ಇದನ್ನು ಮರೆತು ಅವನ ಚಿತ್ರಗಳನ್ನು ನೋಡಬಾರದು.

ಈ ಯುದ್ಧ ಭಾರತಕ್ಕೂ ಸಂಬಂಧಿಸಿದ್ದು. ಅಫೀಮು ಬೆಳೆದದ್ದು ಇಲ್ಲಿ. ಕಾದಾಡಿದವರಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳೂ ಇದ್ದರು. 1842ರ ಜುಲೈನಲ್ಲಿ ಚಿನ್‌ಕಿಯಾಂಗ್ ನಗರ ಬ್ರಿಟಿಷರ ವಶವಾದಾಗ ಅನೇಕ ಮಂಚು ಸೈನಿಕರು ಹೆಂಡತಿ ಮಕ್ಕಳನ್ನು ಕೊಂದು ತಾವೂ ಪ್ರಾಣ ಬಿಟ್ಟರು. ಆಗಸ್ಟ್ 29ರಂದು ಯುದ್ಧವನ್ನು ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು.

ಕ್ರೀ ಹತ್ತಿರದಿಂದ ಕಂಡ ದೊಡ್ಡ ನೌಕಾಕದನ ನಡೆದದ್ದು 1849ರ ಅಕ್ಟೋಬರ್‌ನಲ್ಲಿ, ಇಂದಿನ ವಿಯೆಟ್ನಾಮಿನ ಟಾಂಕಿನ್ ನದೀಮುಖಗಳಲ್ಲಿ. ಆಗ ಅವನು ‘ಫ್ಯೂರಿ’ ಎಂಬ ಉಗಿನೌಕೆಯ ವೈದ್ಯ. ಡಾಲ್‌ರಿಂಪಲ್ ಹೇ ನಾಯಕತ್ವದಲ್ಲಿ ‘ಕೊಲಂಬೈನ್’, ‘ಫ್ಯೂರಿ’, ‘ಫ್ಲೆಗೆಥಾನ್’ ಸೇರಿ ಶಾಪ್-ಎನ್‌ಜಿ-ತ್ಸಾಯ್ ಎಂಬ ಕಡಲ್ಗಳ್ಳನ 64 ನಾವೆಗಳಲ್ಲಿ 58ನ್ನು ಮೂರು ದಿನಗಳಲ್ಲಿ ನಾಶಮಾಡಿದವು. ಸತ್ತವರು ಸಾವಿರಕ್ಕೂ ಹೆಚ್ಚು. ಆದರೆ ಕಡಲ್ಗಳ್ಳರ ನಾಯಕ ತಪ್ಪಿಸಿಕೊಂಡ. ಆಳವಿಲ್ಲದ ನೀರಿನಲ್ಲಿ, ಗಾಳಿಯ ಹಂಗಿಲ್ಲದೆ ಸಾಗುವ ಹಬೆಯಂತ್ರದ ಮುಂದೆ ಹಾಯಿಯ ನಾವೆಗಳು ನಿಲ್ಲಲಾರದೆ ಹೋದವು.

ಕ್ರೀ ತರಬೇತಿ ಪಡೆದ ಚಿತ್ರಕಾರನಲ್ಲ. ಆದರೂ ಯುದ್ಧದ ದಿನ, ಬಂದರಿನ ಔತಣದ ಸಂಜೆ ಎರಡನ್ನೂ ಒಂದೇ ದಿನಚರಿಯಲ್ಲಿ ಅಕ್ಕಪಕ್ಕ ಇಟ್ಟಿದ್ದಾನೆ. ಸರ್ಕಾರಿ ವರದಿಯಲ್ಲಿ ಇಂಥ ನೆರೆಹೊರೆ ಸಿಗುವುದಿಲ್ಲ. ದಿನಚರಿಯ ಆಯ್ದ ಭಾಗಗಳು ಮೈಕೇಲ್ ಲೆವೀನ್ ಸಂಪಾದಕತ್ವದಲ್ಲಿ 1981ರಲ್ಲಿ ಚಿತ್ರಸಹಿತ ಪ್ರಕಟವಾದವು.

ಟಾಂಕಿನ್ ಕದನದ ನಂತರ, ಬಾಲ್ಟಿಕ್ ಸಮುದ್ರಕ್ಕೂ ಹಬ್ಬಿದ ಕ್ರಿಮಿಯಾ ಯುದ್ಧದಲ್ಲಿ ಕ್ರೀ ‘ಓಡಿನ್’ ಹಡಗಿನಲ್ಲಿದ್ದ. 1854ರ ಜೂನ್‌ನಲ್ಲಿ ಅದರ ದೋಣಿಗಳು ‘ವಲ್ಚರ್’ ಹಡಗಿನ ದೋಣಿಗಳೊಡನೆ ಫಿನ್ಲೆಂಡಿನ ಗಾಮ್ಲಾ ಕಾರ್ಲೆಬಿ ಪಟ್ಟಣಕ್ಕೆ ನುಗ್ಗಲು ಹೋಗಿ ಪೆಟ್ಟು ತಿಂದು ಹಿಮ್ಮೆಟ್ಟಿದವು. ಅಂದು ಸೆರೆಸಿಕ್ಕ ಒಂದು ಬ್ರಿಟಿಷ್ ದೋಣಿ ಆ ಪಟ್ಟಣದ, ಅಂದರೆ ಈಗಿನ ಕೊಕ್ಕೊಲದ, ಉದ್ಯಾನವೊಂದರಲ್ಲಿ ಇಂದಿಗೂ ಇದೆ.