ಮೆಯ್ ಕಣ್ಣಾಗುವುದು: ಕಳರಿಯ ಒಂದು ನಾಣ್ಣುಡಿ

“ಮೈಯೆಲ್ಲ ಕಣ್ಣಾಗಿರು” ಎಂಬುದು ಕನ್ನಡಿಗರ ಬಾಯಲ್ಲಿ ಬರಿಯ ಎಚ್ಚರಿಕೆಯ ಮಾತು. ಮಲಬಾರಿನ ಕಳರಿಗಳಲ್ಲಾದರೋ “ಮೆಯ್ ಕಣ್ಣಾಕುಕ” ಎಂಬುದು ಶಸ್ತ್ರವಿದ್ಯೆಯ ಪರಮಾವಧಿಗೆ ಸಂದ ಹೆಸರು. ಮೆಯ್, ಕಣ್, ಆಗು: ಮೂರು ಮಾತುಗಳೂ ಹಳಗನ್ನಡಕ್ಕೂ ಮಲಯಾಳಕ್ಕೂ ಸಮಾನವಾದುವು. ಕನ್ನಡದಲ್ಲಿ ಅಲಂಕಾರವಾಗಿ ಉಳಿದುದು ಅಲ್ಲಿ ಸಾಧನೆಯ ಗುರಿಯಾಗಿದೆ.

ಸಾಧನೆ ನಡೆಯುವ ಕುಳಿಕಳರಿಯು ನೆಲಮಟ್ಟಕ್ಕಿಂತ ತಗ್ಗಾಗಿ ತೋಡಿದ ಅಂಕಣ. ಪೂರ್ವ ಪಶ್ಚಿಮವಾಗಿ 42 ಅಡಿ ಉದ್ದ, 21 ಅಡಿ ಅಗಲ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲುಗಳ ಪೂತ್ತರವೆಂಬ ಪೂಜಾಸ್ಥಾನ. ಅಲ್ಲಿ ಶಿಷ್ಯನಿಗೆ ಮೊದಲು ದೊರೆಯುವುದು ಆಯುಧವಲ್ಲ, ವಾಯ್‌ತ್ತಾರಿ. ‘ವಾಯ್’ ಎಂದರೆ ನಮ್ಮ ಬಾಯಿಯೇ. ಬಲಕ್ಕೆ ತಿರುಗು, ಎಡಗಾಲನ್ನಿಡು, ತಗ್ಗು, ಹಾರು ಎಂಬಂತಹ ತುಂಡುನುಡಿಗಳನ್ನು ಗುರುಕ್ಕಳು ಒಂದೇ ಓಟದಲ್ಲಿ ಹೇಳುತ್ತಿರುವಂತೆ ಶಿಷ್ಯನ ಅಂಗಾಂಗಗಳು ಅದನ್ನು ಅನುಸರಿಸತಕ್ಕದ್ದು. ವಿವರಣೆಗೆ ಎಡೆಯಿಲ್ಲ, ನುಡಿಯ ಲಯವೇ ಉಸಿರನ್ನೂ ಹೆಜ್ಜೆಯನ್ನೂ ಕಟ್ಟಿಹಾಕುತ್ತದೆ.

ಇದರ ಫಲ ತಿಳಿಯುವುದು ಕೋಲ್ತಾರಿಯ ಹಂತದಲ್ಲಿ. ಒಟ್ಟವೆಂಬ ಡೊಂಕು ಕೋಲಿನ ಗುರಿ ಎದುರಾಳಿಯ ಮರ್ಮಸ್ಥಾನಗಳು. ಬರುವ ಕೋಲನ್ನು ನೋಡುತ್ತ ನಿಂತವನು ಏಟು ತಿನ್ನುವನು. ದೃಷ್ಟಿ ಎದುರಾಳಿಯ ಕಣ್ಣಿನಲ್ಲಿ ನೆಟ್ಟಿರಬೇಕು. ಕೈಕಾಲುಗಳು ಯೋಚನೆಗೆ ಕಾಯದೆ ತಾವಾಗಿ ಉತ್ತರಿಸಬೇಕು. ಮೈ ಕಣ್ಣಾಗುವುದೆಂದರೆ ಇದೇ. ನುಡಿಯನ್ನು ಯೋಗಪರವಾಗಿ ವ್ಯಾಖ್ಯಾನಿಸುವವರುಂಟು. ಅದನ್ನು ತಪ್ಪೆನ್ನಲಾಗದು, ಆದರೂ ಕಾಳಗದ ಅಗತ್ಯವನ್ನು ಮರೆತ ವ್ಯಾಖ್ಯಾನ ಅರ್ಧವೇ ಸರಿ.

ಈ ಬಾಯಿಪಾಠದ ಬೆಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಪಳಶ್ಶಿರಾಜನ ಬಂಡಾಯದ ಕಾಲದಲ್ಲಿ, 1804ರಲ್ಲಿ, ಕಂಪನಿ ಸರಕಾರ ಮಲಬಾರಿನಲ್ಲಿ ಆಯುಧಧಾರಣೆಯನ್ನು ನಿರ್ಬಂಧಿಸಿತು. ಮರುವರ್ಷ ರಾಜನು ಮಡಿದನು. ಕತ್ತಿಗೆ ಕೆಲಸವಿಲ್ಲದಾದಾಗಲೂ ವಾಯ್‌ತ್ತಾರಿ ಕೆಲವು ಮನೆತನಗಳ ನೆನಪಿನಲ್ಲಿ ಉಳಿಯಿತು. 1920ರ ದಶಕದಿಂದೀಚೆಗೆ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳರೂ ತಲಶ್ಶೇರಿಯಲ್ಲಿ ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರರೂ ವಿದ್ಯೆಯನ್ನು ಮತ್ತೆ ಜನರ ಮುಂದಿರಿಸಿದರು.

ತುಳುನಾಡಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಗರಡಿಗಳು ಇಂದು ಬಹುಮಟ್ಟಿಗೆ ಕೋಟಿ ಚೆನ್ನಯರ ಆರಾಧನೆಯ ಸ್ಥಾನಗಳು. ವೀರರ ಕಥೆಯನ್ನು ಪಾಡ್ದನಗಳು ವಿಸ್ತಾರವಾಗಿ ಕಾಪಾಡಿವೆ; ಅಭ್ಯಾಸದ ನುಡಿಗಟ್ಟು ಅಷ್ಟಾಗಿ ಉಳಿದುಬಂದಿಲ್ಲ.