ಕ್ಯಾನ್ಸರ್ ರೋಗಿಗಳ ಸೋಂಕು ಮತ್ತು ಔಷಧಿ ಸಸ್ಯಗಳು

ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಾಗ ತಗಲುವ ಸೋಂಕುಗಳಿಗೆ ಸಸ್ಯಮೂಲದ ಮದ್ದು ಬಳಸುವ ರೂಢಿ ಮತ್ತು ಅದರ ಸುತ್ತಲಿನ ಸಂಶೋಧನೆಯ ಕುರಿತ ಬರಹವಿದು. ಬಿಳಿ ರಕ್ತಕಣಗಳಲ್ಲೊಂದು ಬಗೆಯಾದ ನ್ಯೂಟ್ರೊಫಿಲ್ ಕಣಗಳು ರಕ್ತದಲ್ಲಿ ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗಿಳಿದರೆ ಕರುಳಿನಲ್ಲೇ ಇರುವ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಬಹುದು. ಬಾಯಲ್ಲಿ ಕ್ಯಾಂಡಿಡಾ ಶಿಲೀಂಧ್ರ ಹಬ್ಬಬಹುದು.

ಕಲಬುರಗಿ ಜಿಲ್ಲೆಯ ಆಳಂದ ಸೀಮೆಯ ಮಟಕಿಯಂಥ ಊರುಗಳಲ್ಲಿ ಬೇವು, ಅರಿಶಿಣ, ತುಳಸಿ, ಅಮೃತಬಳ್ಳಿ ಹಳೆಯ ಮನೆಮದ್ದುಗಳು. ಪ್ರಯೋಗಾಲಯದ ತಟ್ಟೆಯಲ್ಲಿ ಇವುಗಳ ಸಾರ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆದದ್ದುಂಟು. ಆದರೆ ತಟ್ಟೆ ಬೇರೆ, ಮೈ ಬೇರೆ. ಅರಿಶಿಣದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಇ. ಕೋಲೈಯಂಥವಕ್ಕೆ ಹೊರಪೊರೆಯ ರಕ್ಷಣೆಯೂ ಇದೆ.

ಅಂಗಳದ ಕಾಶಿಕಣಗಿಲೆಯ ಕಥೆ ವಿಚಿತ್ರವಾದದ್ದು. ಅದರಿಂದ ಬಂದ ವಿನ್‌ಬ್ಲಾಸ್ಟಿನ್ ಔಷಧ ಕ್ಯಾನ್ಸರನ್ನು ಹತ್ತಿಕ್ಕುತ್ತದೆ, ಜೊತೆಗೇ ಬಿಳಿ ಕಣಗಳನ್ನು ಇಳಿಸಿ ಸೋಂಕಿಗೆ ಬಾಗಿಲು ತೆರೆಯುತ್ತದೆ.

ಒಣಗಿಸಿ ಪುಡಿ ಮಾಡಿದ ಬೇರು, ಎಲೆಗಳಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳು ಇರಬಹುದು. ಗಟ್ಟಿಮುಟ್ಟಾದವರಿಗೆ ಅದು ಲೆಕ್ಕಕ್ಕಿಲ್ಲ; ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಪ್ರಾಣಾಪಾಯ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಕೀಮೋ ನಡುವೆ ಜ್ವರ ಬಂದರೆ ಕಷಾಯ ಕುದಿಸುತ್ತ ಕೂರುವಂತಿಲ್ಲ: ತಡಮಾಡದೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಡುವುದೇ ಸದ್ಯದ ಚಿಕಿತ್ಸೆ. ಆಳಂದ ಭಾಗದವರಿಗೆ ಹತ್ತಿರವಿರುವ ಕ್ಯಾನ್ಸರ್ ಆಸ್ಪತ್ರೆಗಳಲ್ಲೊಂದು, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರ.